ಏಟು ಯಾರಿಗೆ ಬಿತ್ತು, ನೋಡು

ತಮ್ಮಾ, ನಿನ್ನ ಕಥೆ ಓದಿದೆ. ರಾಣೆಬೆನ್ನೂರಿನ ಹುಡುಗ, ಬ್ಯಾಡಗಿ ಮಾರ್ಕೆಟ್ಟಿನಲ್ಲಿ ನಾಲ್ಕು ಮಂದಿ ಎದುರು ದಲಾಲಿಯಿಂದ ಅಪ್ಪನಿಗಾದ ಅವಮಾನ, ಕೊನೆಗೆ ಮಗನ ಸೇಡು. ಕೈ ಚಲೋ ಐತಿ ನಿನಗೆ. ಮೆಣಸಿನಕಾಯಿ ಚೀಲ ಬಿಚ್ಚಿದ ಕೂಡಲೇ ಅಂಗಡಿಯವರೆಲ್ಲ ಸೀನುವುದನ್ನು ಎಷ್ಟು ಚೆಂದ ಬರೆದೀ! ಆದರೆ ಅವಸರ ನಿನ್ನ ಹುಟ್ಟುಗುಣ. ದಲಾಲಿ ಸತ್ತ, ಹುಡುಗ ಬೈಕ್ ಹತ್ತಿ ಹೋದ, ಕಥೆ ಮುಗಿಯಿತು. ದಲಾಲಿಯ ಮನೆಯಲ್ಲಿ ಅಂದು ಒಲೆ ಹಚ್ಚಿದವರು ಯಾರು? ಕೇಳಲೇ ಇಲ್ಲ ನೀನು.

ಅಮೆರಿಕದ ಬ್ಲ್ಯಾಕ್‌ಫೀಟ್ ಜನರ ಮೇಲೆ ಜೇಮ್ಸ್ ವೆಲ್ಚ್ ಬರೆದ ‘ಫೂಲ್ಸ್ ಕ್ರೋ’ ಎಂಬ ಕಾದಂಬರಿ ಇದೆ, 1986ರದು. ಹುಡುಕಿ ಓದು. ಅದರ ಹಿಂದಿರುವ ಚರಿತ್ರೆ ನಿನ್ನ ಕಥೆಯಂಥದ್ದೇ. ಕುದುರೆಗಳ ಜಗಳದಲ್ಲಿ ಮಾಲ್ಕಮ್ ಕ್ಲಾರ್ಕ್ ಎಂಬ ಬಿಳಿಯನು ಔಲ್ ಚೈಲ್ಡ್ ಎಂಬ ಬ್ಲ್ಯಾಕ್‌ಫೀಟ್ ಹುಡುಗನನ್ನು ಎಲ್ಲರೆದುರು ಹೊಡೆದ. ಹುಡುಗ ಅದನ್ನು ನುಂಗಿಕೊಳ್ಳಲಿಲ್ಲ, 1869ರಲ್ಲಿ ಅವನನ್ನು ಕೊಂದ. ನೀನು ಇಲ್ಲಿಗೇ ನಿಲ್ಲಿಸುತ್ತಿದ್ದೆ. ಮರುವರ್ಷ ಜನವರಿ 23ರ ಕೊರೆಯುವ ಚಳಿಯಲ್ಲಿ ಸೈನ್ಯ ಬಂತು. ಬಂದದ್ದು ಔಲ್ ಚೈಲ್ಡ್ ಇದ್ದ ಬೀಡಿಗಲ್ಲ, ಹೆವಿ ರನ್ನರ್ ಎಂಬ ಹಿರಿಯನ, ಸಿಡುಬಿನಿಂದ ನರಳುತ್ತಿದ್ದ ಬೀಡಿಗೆ. ತಾನು ಸ್ನೇಹದವನೆಂಬ ಕಾಗದ ಹಿಡಿದು ಹೊರಬಂದ ಆ ಹಿರಿಯನಿಗೇ ಗುಂಡು ಹೊಡೆದರು. ಸತ್ತವರು ಇನ್ನೂರರ ಹತ್ತಿರ, ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ವೆಲ್ಚನ ಮುತ್ತಜ್ಜಿ ಆ ಕೊಲೆಯಲ್ಲಿ ಬದುಕುಳಿದವಳು. ಅದಕ್ಕೇ ಅವನಿಗೆ ಸೇಡನ್ನು ಹೊಡೆದವನ ಕಡೆಯಿಂದಷ್ಟೇ ನೋಡಲು ಆಗಲಿಲ್ಲ ಅಂತ ನನ್ನ ನಂಬಿಕೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತೇವಲ್ಲ, ಸೇಡಿನ ನಡೆಯೇ ಅದು. ಅಶ್ವತ್ಥಾಮ ಅಪ್ಪನ ಸಾವಿನ ಸೇಡಿಗೆ ನಡುರಾತ್ರಿ ಹೊರಟು, ಮಲಗಿದ್ದ ದ್ರೌಪದಿಯ ಐದು ಮಕ್ಕಳನ್ನು ಕೊಂದ. ತೊಡೆ ಮುರಿದು ಬಿದ್ದ ದುರ್ಯೋಧನ ಆ ತಲೆಗಳನ್ನು ನೋಡಿ ‘ಇವು ಮಕ್ಕಳವಲ್ಲೋ’ ಎಂದು ಅತ್ತನಂತೆ ನಮ್ಮ ಕಡೆಯ ಕಥೆಯಲ್ಲಿ. ಹಗೆಯವನನ್ನೂ ಅಳಿಸಿದರಲ್ಲ ಹಳಬರು, ಆ ಧೈರ್ಯ ನಿನಗೂ ಬರಬೇಕು.

ದೂರ ಯಾಕೆ? 2024ರ ಮಾರ್ಚ್ 11 ನೆನಪಿದೆಯಲ್ಲ. ಮೆಣಸಿನಕಾಯಿ ದರ ದಿಢೀರನೆ ಬಿದ್ದಾಗ ಬ್ಯಾಡಗಿ ಎಪಿಎಂಸಿ ಕಚೇರಿಗೆ ಬೆಂಕಿ ಬಿತ್ತು, ವಾಹನಗಳು ಸುಟ್ಟವು. ಆರಿಸಲು ಬಂದ ಅಗ್ನಿಶಾಮಕದ ಗಾಡಿಯನ್ನೂ ಬಿಡಲಿಲ್ಲ. ರೈತರ ಸಿಟ್ಟು ಸುಳ್ಳಲ್ಲ, ವರ್ಷದ ದುಡಿಮೆ ಕಣ್ಣೆದುರೇ ನೀರಾದರೆ ಯಾರ ಹೊಟ್ಟೆ ಉರಿಯುವುದಿಲ್ಲ? ಆದರೆ ಆ ಗಾಡಿ ಯಾವ ದರ ಇಳಿಸಿತ್ತು ಹೇಳು.

ಸೇಡಿನ ಕಥೆ ಬರೆಯಬೇಡ ಅನ್ನುತ್ತಿಲ್ಲ. ನಿನ್ನ ಹುಡುಗನ ಸಿಟ್ಟು ಹಾಗೇ ಇರಲಿ, ಒಂದು ಎಳೆಯೂ ತೆಗೆಯಬೇಡ. ಸುಗ್ಗಿಯಲ್ಲಿ ಒಮ್ಮೆ ಬ್ಯಾಡಗಿಗೆ ಹೋಗಿ, ಮುಖಕ್ಕೆ ಸೆರಗು ಕಟ್ಟಿಕೊಂಡು ತೊಟ್ಟು ಬಿಡಿಸುವ ಹೆಂಗಸರ ಹತ್ತಿರ ಕೂಡು. ಬೆರಳು ಉರಿಯುತ್ತಿದ್ದರೂ ಅವರ ಕೈ ನಿಲ್ಲುವುದಿಲ್ಲ. ನಿನ್ನ ದಲಾಲಿ ಸತ್ತ ಮರುದಿನ ಅಂಗಡಿ ಬಾಗಿಲು ಹಾಕಿದರೆ ಅವರ ವಾರದ ಕೂಲಿ ಯಾರು ಕೊಡಬೇಕು? ಅವರಲ್ಲೊಬ್ಬಳಿಗೆ ಕಥೆಯಲ್ಲಿ ಹೆಸರಿಟ್ಟು, ಕೊನೆಯ ಪುಟ ಮತ್ತೆ ಬರೆದು ಕಳಿಸು.