ಮಾದರಿ ವಿಮಾನಗಳಲ್ಲಿ ಬ್ಯಾಟರಿ ಎಲಿಮಿನೇಟರ್: ಬಗೆಗಳು ಮತ್ತು ಆಯ್ಕೆ

'ಬ್ಯಾಟರಿ ಎಲಿಮಿನೇಟರ್' ಎಂಬ ಹೆಸರು ನಮ್ಮ ಕಾಫಿ ಸೀಮೆಯ ಹಿರಿಯರಿಗೆ ಅಪರಿಚಿತವಲ್ಲ. ಭದ್ರಾವತಿ ಆಕಾಶವಾಣಿಯನ್ನು ಕೇಳುತ್ತಿದ್ದ ಟ್ರಾನ್ಸಿಸ್ಟರ್ ರೇಡಿಯೊಗಳಿಗೆ, ಶುಷ್ಕಕೋಶಗಳ ಖರ್ಚನ್ನು ಉಳಿಸಲೆಂದು, ಮನೆಯ ವಿದ್ಯುತ್ತನ್ನು ೬ ಅಥವಾ ೯ ವೋಲ್ಟಿಗೆ ಇಳಿಸಿ ಕೊಡುತ್ತಿದ್ದ ಪುಟ್ಟ ಪೆಟ್ಟಿಗೆಯೇ ಅದು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿದರೆ ಆ ಪೆಟ್ಟಿಗೆಯೂ ಮೌನ ತಾಳುತ್ತಿತ್ತು.

ರೇಡಿಯೊ ನಿಯಂತ್ರಿತ ಮಾದರಿ ವಿಮಾನದಲ್ಲಿ ಇದೇ ಹೆಸರಿನ ಮಂಡಲದ ಕಾರ್ಯ ಬೇರೆ. ಮೋಟಾರನ್ನು ತಿರುಗಿಸಲು ಒಂದು ದೊಡ್ಡ ಬ್ಯಾಟರಿ ಬೇಕು. ಸಂಕೇತಗಳನ್ನು ಪಡೆಯುವ ಗ್ರಾಹಕ ಹಾಗೂ ರೆಕ್ಕೆಪಟ್ಟಿಗಳನ್ನು ಚಲಿಸುವ ಸರ್ವೊಗಳಿಗೆ ಸುಮಾರು ೫ ವೋಲ್ಟು ಸಾಕು. ಈ ಎರಡನೆಯದಕ್ಕೆ ಪ್ರತ್ಯೇಕ ಬ್ಯಾಟರಿ ಹೊರುವ ಭಾರವನ್ನು ತಪ್ಪಿಸಿ, ದೊಡ್ಡ ಬ್ಯಾಟರಿಯಿಂದಲೇ ೫ ವೋಲ್ಟನ್ನು ಒದಗಿಸುವುದೇ ಈ ಮಂಡಲದ ಉದ್ದೇಶ. ಇದರಲ್ಲಿ ಮುಖ್ಯವಾಗಿ ಮೂರು ವ್ಯವಸ್ಥೆಗಳುಂಟು.

೧. ರೇಖೀಯ ಬಗೆ: ಇದು ಹೆಚ್ಚುವರಿ ವೋಲ್ಟನ್ನು ಶಾಖವಾಗಿ ಹೊರಹಾಕುತ್ತದೆ. ಮೂರು ಕೋಶಗಳ ಲಿಥಿಯಂ ಪಾಲಿಮರ್ ಬ್ಯಾಟರಿಯ ಒತ್ತಡ ೧೧.೧ ವೋಲ್ಟು. ಸರ್ವೊಗಳು ೧ ಆಂಪಿಯರ್ ಸೆಳೆದರೆ ಉಪಯೋಗಕ್ಕೆ ಬರುವುದು ೫ ವ್ಯಾಟ್. ಶಾಖವಾಗಿ ನಷ್ಟವಾಗುವುದು ೬.೧ ವ್ಯಾಟ್. ದಕ್ಷತೆ ಶೇಕಡ ೪೫ ಮಾತ್ರ. ೨ ಆಂಪಿಯರ್ ಸೆಳೆದರೆ ನಷ್ಟ ೧೨.೨ ವ್ಯಾಟಿಗೇರುತ್ತದೆ. ಶಾಖ ಮಿತಿಮೀರಿದಾಗ ನಿಯಂತ್ರಕವು ತನ್ನನ್ನು ತಾನೇ ಸ್ಥಗಿತಗೊಳಿಸಿಕೊಳ್ಳಬಹುದು. ಆ ಕ್ಷಣದಲ್ಲಿ ವಿಮಾನ ಹಾರಿಸುವವನ ಕೈತಪ್ಪುತ್ತದೆ. ಎರಡು ಕೋಶಗಳ ಬ್ಯಾಟರಿ, ಎರಡು ಮೂರು ಸಣ್ಣ ಸರ್ವೊಗಳಿರುವ ಹಗುರ ಮಾದರಿಗೆ ಮಾತ್ರ ಇದು ಯೋಗ್ಯ.

೨. ಸ್ವಿಚಿಂಗ್ ಬಗೆ: ಇದು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು, ಸುರುಳಿ ಮತ್ತು ಕೆಪಾಸಿಟರುಗಳ ನೆರವಿನಿಂದ ಸಮಗೊಳಿಸುತ್ತದೆ. ದಕ್ಷತೆ ಶೇಕಡ ೮೫ ಇದ್ದರೆ, ೫ ವ್ಯಾಟ್ ನೀಡುವಾಗ ನಷ್ಟ ಒಂದು ವ್ಯಾಟಿಗಿಂತಲೂ ಕಡಿಮೆ. ಆದರೆ ಇದರ ಕಡಿತವು ರೇಡಿಯೊ ಗದ್ದಲವನ್ನು ಹುಟ್ಟಿಸಬಲ್ಲದು. ಆದಕಾರಣ ಇದನ್ನು ಗ್ರಾಹಕ ಮತ್ತು ಆಂಟೆನಾಗಳಿಂದ ದೂರವಿಡಬೇಕು.

೩. ಪ್ರತ್ಯೇಕ ಪೂರೈಕೆ: ಹೆಚ್ಚು ಕೋಶಗಳ ದೊಡ್ಡ ಮಾದರಿಗಳ ಕೆಲವು ವೇಗನಿಯಂತ್ರಕಗಳಲ್ಲಿ ಎಲಿಮಿನೇಟರ್ ಇರುವುದೇ ಇಲ್ಲ. ಆಗ ಬೇರೊಂದು ಸ್ವಿಚಿಂಗ್ ಘಟಕವನ್ನೋ, ಗ್ರಾಹಕಕ್ಕೆಂದೇ ೪.೮ ವೋಲ್ಟಿನ ಬ್ಯಾಟರಿಯನ್ನೋ ಜೋಡಿಸಬೇಕು. ಎಲಿಮಿನೇಟರ್ ಇರುವ ವೇಗನಿಯಂತ್ರಕಕ್ಕೆ ಹೊರಗಿನ ಘಟಕವನ್ನು ಸೇರಿಸುವುದಾದರೆ, ವೇಗನಿಯಂತ್ರಕದಿಂದ ಗ್ರಾಹಕಕ್ಕೆ ಹೋಗುವ ಕೆಂಪು ತಂತಿಯನ್ನು ಬೇರ್ಪಡಿಸತಕ್ಕದ್ದು. ಇಲ್ಲವಾದರೆ ಎರಡು ಪೂರೈಕೆಗಳು ಒಂದರೊಡನೊಂದು ಹೋರಾಡುತ್ತವೆ.

ಈ ಮಂಡಲಗಳ ಹಿಂದಿರುವ ಒಂದು ತತ್ತ್ವ ವಿಚಾರಾರ್ಹವಾದುದು. ಬ್ಯಾಟರಿಯ ಶಕ್ತಿ ಕುಂದುತ್ತ ಪ್ರತಿ ಕೋಶ ಸುಮಾರು ೩ ವೋಲ್ಟಿಗೆ ಇಳಿದಾಗ, ವೇಗನಿಯಂತ್ರಕವು ಮೊದಲು ಮೋಟಾರಿನ ಶಕ್ತಿಯನ್ನು ತಗ್ಗಿಸುತ್ತದೆ ಅಥವಾ ನಿಲ್ಲಿಸುತ್ತದೆ. ಉಳಿದ ಅಲ್ಪಶಕ್ತಿಯನ್ನು ಗ್ರಾಹಕ ಮತ್ತು ಸರ್ವೊಗಳಿಗೆ ಮೀಸಲಿಡುತ್ತದೆ. ವೇಗ ಹೋದರೂ ನಿಯಂತ್ರಣ ಉಳಿದರೆ ವಿಮಾನವು ತೇಲುತ್ತ ಸುರಕ್ಷಿತವಾಗಿ ಇಳಿಯಬಲ್ಲದು. ನಿಯಂತ್ರಣ ಹೋಗಿ ವೇಗ ಉಳಿದರೆ ಅನಾಹುತ ಖಂಡಿತ.

ಕೊಟ್ಟಿಗೆಹಾರದಂತಹ ಸ್ಥಳಕ್ಕೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಒಂದು ಕಡೆ ಚಾರ್ಮಾಡಿ ಘಟ್ಟದ ಕಣಿವೆ, ಇನ್ನೊಂದು ಕಡೆ ವಾಹನ ಸಂಚಾರದ ಹೆದ್ದಾರಿ. ಮೇಲೆ ಗಾಳಿ, ಮಂಜು. ಗಾಳಿ ಬಲವಾದಷ್ಟೂ ಸರ್ವೊಗಳ ದುಡಿಮೆ ಹೆಚ್ಚು, ಎಲಿಮಿನೇಟರಿನ ಹೊರೆಯೂ ಹೆಚ್ಚು. ಆದುದರಿಂದ ಎನ್.ಸಿ.ಸಿ. ವಾಯುದಳದಲ್ಲಾಗಲಿ ಶಾಲಾ ವಿಜ್ಞಾನ ಸಂಘದಲ್ಲಾಗಲಿ ಮಾದರಿ ವಿಮಾನ ಕಲಿಸುವ ಉಪಾಧ್ಯಾಯರು ಹಾರಾಟಕ್ಕೆ ಮುನ್ನ ನೆಲದ ಮೇಲೊಂದು ಪರೀಕ್ಷೆ ನಡೆಸುವುದು ಅವಶ್ಯ. ಪ್ರೊಪೆಲ್ಲರನ್ನು ಕಳಚಿಟ್ಟು, ಎಲ್ಲ ಸರ್ವೊಗಳನ್ನೂ ಒಟ್ಟಿಗೆ ಕೆಲವು ನಿಮಿಷ ಚಲಿಸಿ, ಗ್ರಾಹಕದ ಬಳಿಯ ವೋಲ್ಟನ್ನು ಅಳೆಯಬೇಕು. ವೋಲ್ಟು ೫ರ ಆಸುಪಾಸಿನಲ್ಲಿ ಸ್ಥಿರವಾಗಿರದಿದ್ದರೆ, ಅಥವಾ ಘಟಕವು ಕೈಯಿಡಲಾರದಷ್ಟು ಬಿಸಿಯಾದರೆ, ಅಂದು ಹಾರಾಟ ಕೂಡದು.

ಶಾಲೆಗೆ ಮಾದರಿ ವಿಮಾನವನ್ನು ಕಾಣಿಕೆಯಾಗಿ ನೀಡಬಯಸುವ ದಾನಿಗಳೂ ಮೋಟಾರಿನ ಬಲವನ್ನಷ್ಟೇ ವಿಚಾರಿಸದೆ, ಅದರ ಎಲಿಮಿನೇಟರ್ ಎಷ್ಟು ಆಂಪಿಯರ್ ನೀಡಬಲ್ಲದೆಂಬುದನ್ನೂ ವಿಚಾರಿಸಿದರೆ ಅವರ ಕೊಡುಗೆ ಸಾರ್ಥಕವಾಗುವುದು.