ಪಾರ್ಸಲ್ ಹೊರಡುವ ಮುನ್ನ

ಚೀನ ದೇಶದ ಟಾವೊಬಾವೊ ಮೊದಲಾದ ಅಂತರ್ಜಾಲದ ಪೇಟೆಗಳು ಮುಖ್ಯವಾಗಿ ಆ ದೇಶದ ನಿವಾಸಿಗಳಿಗಾಗಿಯೇ ಏರ್ಪಟ್ಟವು. ಅಲ್ಲಿಯ ವರ್ತಕರಲ್ಲಿ ಬಹುಮಂದಿ ಚೀನೀ ಭಾಷೆಯನ್ನಲ್ಲದೆ ಬೇರೊಂದನ್ನರಿಯರು, ತಮ್ಮ ದೇಶದ ವಿಳಾಸಕ್ಕಲ್ಲದೆ ಬೇರೆಡೆಗೆ ಸರಕನ್ನು ಕಳುಹಿಸರು. ಆದಕಾರಣ ನನ್ನಂತೆ ಲಂಡನ್ನಿನಲ್ಲಿದ್ದುಕೊಂಡು ಅಲ್ಲಿಯ ಪಿಂಗಾಣಿಗೋ ಉಣ್ಣೆಯ ಅಂಗಿಗೋ ಆಸೆಪಡುವವರು ಏಜೆಂಟ್ ಎಂಬ ಮಧ್ಯವರ್ತಿಯನ್ನು ಆಶ್ರಯಿಸುವುದುಂಟು. ನಾವು ಸೂಚಿಸಿದ ಸಾಮಾನನ್ನು ಅವನು ತಾನೇ ಕೊಂಡು, ಗ್ವಾಂಗ್‌ಡಾಂಗ್ ಪ್ರಾಂತದಲ್ಲಿರುವ ತನ್ನ ಗೋದಾಮಿಗೆ ತರಿಸಿ, ಕಟ್ಟು ಬಿಚ್ಚಿಸಿ, ನಾಲ್ಕಾರು ಫೋಟೊಗಳನ್ನು ತೆಗೆಸಿ ನಮಗೆ ಕಳುಹಿಸುತ್ತಾನೆ; ನಾವು ನೋಡಿ ಒಪ್ಪಿ, ವಿದೇಶ ಸಾಗಣೆಯ ವೆಚ್ಚವನ್ನು ತೆತ್ತ ತರುವಾಯವೇ ಪಾರ್ಸಲ್ ಆ ನೆಲವನ್ನು ಬಿಡುತ್ತದೆ. ಈ ವ್ಯವಹಾರದಲ್ಲಿ ಪಳಗಿದವರು ಕ್ಯೂಸಿ ಫೋಟೊ ಎನ್ನುವುದು ಈ ಚಿತ್ರಗಳನ್ನೇ.

ಅನೇಕರು ಇವನ್ನು ಬಂದ ಸಾಮಾನಿನ ಮುಖದರ್ಶನವೆಂದು ಬಗೆದು, ಸಂತೋಷದಿಂದ ಒಮ್ಮೆ ಕಣ್ಣಾಡಿಸಿ, ಸಾಗಣೆಗೆ ಅಪ್ಪಣೆ ಕೊಟ್ಟುಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕೊಳ್ಳುವವನ ಮಾತಿಗೆ ಬೆಲೆಯಿರತಕ್ಕ ಕಾಲವೆಂದರೆ, ಸರಕು ಗೋದಾಮನ್ನು ಸೇರಿದಂದಿನಿಂದ ನಾವು ಸಾಗಣೆಯ ಹಣ ಕಟ್ಟುವವರೆಗಿನ ಆ ಅಲ್ಪ ಅವಧಿಯೊಂದೇ. ಬ್ರಿಟನ್ನಿನ ವರ್ತಕನಿಂದ ಅಂತರ್ಜಾಲದಲ್ಲಿ ಕೊಂಡವನಿಗೆ, ಸರಕು ಕೈಸೇರಿದ 14 ದಿನಗಳೊಳಗೆ ಕರಾರನ್ನು ರದ್ದುಗೊಳಿಸುವ ಹಕ್ಕನ್ನು ಇಲ್ಲಿಯ 2013ರ ನಿಯಮಗಳು ಕೊಟ್ಟಿವೆ. ಆದರೆ ಚೀನದ ವರ್ತಕನ ಲೆಕ್ಕದ ಪುಸ್ತಕದಲ್ಲಿ ಗಿರಾಕಿ ನಾನಲ್ಲ, ಆ ಗೋದಾಮು. ಆ ಗೋದಾಮಿಗೆ ಅಲ್ಲಿಯ ಕಾನೂನಿನ ಆಶ್ರಯವುಂಟು. 2014ರ ಮಾರ್ಚ್ 15ರಂದು ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಚೀನದ ಗ್ರಾಹಕ ರಕ್ಷಣೆಯ ಕಾನೂನಿನ 25ನೆಯ ವಿಧಿಯು, ದೂರದಿಂದ ಕೊಂಡ ಸರಕನ್ನು ಕೈಸೇರಿದ 7 ದಿನಗಳೊಳಗೆ ಕಾರಣವನ್ನೇ ಹೇಳದೆ ಹಿಂತಿರುಗಿಸಲು ಅವಕಾಶ ಕೊಡುತ್ತದೆ. ನಮ್ಮ ಅಳತೆಗೆಂದೇ ಮಾಡಿಸಿದ ವಸ್ತುಗಳು, ಬೇಗ ಕೆಡುವ ಪದಾರ್ಥಗಳು ಮುಂತಾದವು ಇದಕ್ಕೆ ಹೊರತು. ಹಿಂತಿರುಗಿಸುವ ಸಾಗಣೆಯ ಖರ್ಚು ಸಾಮಾನ್ಯವಾಗಿ ಕೊಂಡವನದೇ ಆದರೂ, ಚೀನದೊಳಗಣ ಆ ಖರ್ಚು ಚಿಕ್ಕದು. ನಾನು ತೆತ್ತಿರುವುದು ಹೆಚ್ಚಾಗಿ ಹತ್ತು ಹದಿನೈದು ಯುವಾನಿನ ಆಸುಪಾಸಿನಲ್ಲಿ. ಅದೇ ಅಂಗಿ ಲಂಡನ್ನಿಗೆ ಬಂದುಬಿಟ್ಟರೆ, ಅದನ್ನು ಮರಳಿ ಕಳುಹಿಸುವ ಅಂಚೆಯ ಖರ್ಚು ಅಂಗಿಯ ಬೆಲೆಯನ್ನೇ ಮೀರುವುದುಂಟು. ಮೇಲಾಗಿ ಪಾರ್ಸಲ್ ಹೊರಟ ಮೇಲೆ ಗುಣದ ಬಗೆಗಿನ ದೂರನ್ನು ಕೇಳೆವೆಂದು ಏಜೆಂಟರ ಷರತ್ತುಗಳಲ್ಲಿ ಸಾಮಾನ್ಯವಾಗಿ ಬರೆದೇ ಇರುತ್ತದೆ.

ಈ ಫೋಟೊಗಳನ್ನು ತೆಗೆಯುವವನು ಯಾರು, ಅವನು ನೋಡುವುದೇನು ಎಂಬುದನ್ನು ಮೊದಲು ತಿಳಿದಿರಬೇಕು. ದಿನವಿಡೀ ಕಟ್ಟು ಬಿಚ್ಚುತ್ತಿರುವ ಗೋದಾಮಿನ ಕೆಲಸಗಾರನು ಕೇಳಿದ ಬಣ್ಣವೇ ಬಂದಿದೆಯೇ, ಎಣಿಕೆ ಸರಿಯೇ, ಎದ್ದು ಕಾಣುವ ಒಡಕು ಹರಕು ಉಂಟೇ ಎಂದಿಷ್ಟನ್ನು ನೋಡುತ್ತಾನೆಯೇ ಹೊರತು, ಹೊಲಿಗೆಯ ಹದವನ್ನೋ ತೊಗಲಿನ ಜಾತಿಯನ್ನೋ ಅವನು ವಿಚಾರಿಸುವುದಿಲ್ಲ. ವಿಚಾರಿಸಬೇಕೆಂದು ನಿರೀಕ್ಷಿಸುವುದು ನ್ಯಾಯವೂ ಅಲ್ಲ. ಅವನ ಚಿತ್ರ ಸಾಕ್ಷ್ಯವೇ ವಿನಾ ತೀರ್ಪಲ್ಲ. ತೀರ್ಪನ್ನು ಕೊಡಬೇಕಾದವರು ನಾವು. ಸಾಕ್ಷ್ಯ ಸಾಲದಿದ್ದರೆ ಒಂದೆರಡು ಯುವಾನ್ ಹೆಚ್ಚಿಗೆ ಕೊಟ್ಟು ಬೇಕಾದ ಕೋನದಿಂದ ಇನ್ನೊಂದು ಚಿತ್ರವನ್ನು ತೆಗೆಸಬಹುದು, ಮತ್ತು ಈ ವ್ಯವಹಾರದಲ್ಲಿ ಇದಕ್ಕಿಂತ ಸಾರ್ಥಕವಾದ ಖರ್ಚನ್ನು ನಾನು ಕಾಣೆ. ಜಿಂಗ್ಡೆಜೆನ್ನಿನ ಪಿಂಗಾಣಿಯ ಚಹಾಪಾತ್ರೆಯೊಂದನ್ನು ತರಿಸಿದಾಗ, ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಅದು ನಿರ್ದೋಷವಾಗಿಯೇ ತೋರಿತು. ಆದರೆ ಇಂಥ ಪಾತ್ರೆಗಳು ಪೆಟ್ಟು ತಿನ್ನುವುದು ಮೂತಿಯ ತುದಿಯಲ್ಲಿ ಮತ್ತು ಮುಚ್ಚಳದ ಒಳಅಂಚಿನಲ್ಲಿ ಎಂಬುದನ್ನು ಬಲ್ಲೆನಾಗಿ, ಆ ಎರಡೆಡೆಗಳನ್ನು ಹತ್ತಿರದಿಂದ ತೋರಿಸಿರೆಂದು ಬರೆದೆ. ಮೂತಿಯ ಕೆಳತುದಿಯಲ್ಲಿ ಅಕ್ಕಿಕಾಳಿನಷ್ಟು ಚಕ್ಕೆ ಎದ್ದಿತ್ತು. ವರ್ತಕನು ತಕರಾರಿಲ್ಲದೆ ಬೇರೊಂದನ್ನು ಕಳುಹಿಸಿದನು. ಆ ಎರಡನೆಯದರ ಹೊಳಪಿನ ಲೇಪದಲ್ಲಿ ಕಬ್ಬಿಣದ ಸಣ್ಣ ಕಪ್ಪು ಚುಕ್ಕೆಯೊಂದಿತ್ತಾದರೂ, ಕುಲುಮೆಯಲ್ಲಿ ಬೆಂದ ಪಾತ್ರೆಗೆ ಅದು ಸಹಜವೆಂದು ತಿಳಿದು ಸುಮ್ಮನೆ ಒಪ್ಪಿಕೊಂಡೆ.

ಉಡುಪಿನ ವಿಷಯದಲ್ಲಿ ಬೇರೆಯೇ ಬಗೆಯ ಎಚ್ಚರ ಬೇಕು. ಎಲ್, ಎಕ್ಸ್‌ಎಲ್ ಎಂಬ ಅಕ್ಷರಗಳು ಒಂದೊಂದು ಕಾರ್ಖಾನೆಯಲ್ಲಿ ಒಂದೊಂದು ಅರ್ಥವನ್ನು ಧರಿಸುವುವು. ಆದರೆ ಒಳಗಣ ಪಟ್ಟಿಯಲ್ಲಿ 175/92ಎ ಎಂಬಂಥ ಗುರುತು ಇರುತ್ತದೆ, ಅದು 175 ಸೆಂಟಿಮೀಟರ್ ಎತ್ತರದ, 92 ಸೆಂಟಿಮೀಟರ್ ಎದೆಸುತ್ತಿನ ದೇಹಕ್ಕೆ ಎಂದು ಹೇಳುತ್ತದೆ. ಕೊನೆಯ ಅಕ್ಷರ ಎದೆಗೂ ಸೊಂಟಕ್ಕೂ ಇರುವ ವ್ಯತ್ಯಾಸವನ್ನು, ಎಂದರೆ ಮೈಕಟ್ಟನ್ನು ಸೂಚಿಸುತ್ತದೆ. ಪಟ್ಟಿಯ ಚಿತ್ರವನ್ನು ನೋಡಿದ ಬಳಿಕವೂ, ಅಂಗಿಯನ್ನು ಮೇಜಿನ ಮೇಲೆ ಹರಡಿ ಕಂಕುಳಿನಿಂದ ಕಂಕುಳಿಗೆ ಟೇಪು ಹಿಡಿದ ಚಿತ್ರವನ್ನು ಕೇಳುತ್ತೇನೆ, ಮತ್ತು ಆ ಅಂಕಿಯನ್ನು ನನ್ನ ಮೈಯೊಡನೆ ಹೋಲಿಸದೆ, ಮನೆಯಲ್ಲಿ ನನಗೆ ಚೆನ್ನಾಗಿ ಹೊಂದುವ ಅಂಗಿಯೊಂದನ್ನು ಅದೇ ರೀತಿ ಹರಡಿ ಅಳೆದು ಅದರೊಡನೆ ಹೋಲಿಸುತ್ತೇನೆ. ಕೈಯಿಂದ ಅಳೆದುದರಲ್ಲಿ ಎರಡು ಮೂರು ಸೆಂಟಿಮೀಟರ್ ವ್ಯತ್ಯಾಸ ಬರಬಹುದೆಂದು ವರ್ತಕರೇ ಮುಂಗಡವಾಗಿ ಹೇಳಿರುತ್ತಾರೆ; ಅದಕ್ಕೆ ಮೀರಿದರೆ ಜಗಳವಾಡಲು ಅಂಕಿಗಿಂತ ಬಲವಾದ ಆಯುಧವಿಲ್ಲ. ‘ಚಿಕ್ಕದಾಗಿ ಕಾಣುತ್ತದೆ’ ಎಂಬ ಮಾತಿಗೆ ಯಾರೂ ಹಣ ಮರಳಿಸಿದುದನ್ನು ನಾನು ಕಂಡಿಲ್ಲ.

ಬಣ್ಣದ ಮಾತೇ ಕಷ್ಟದ್ದು. ನಮ್ಮೂರ ಹೆಂಗಸರು ಸೀರೆಯ ಅಂಗಡಿಯಲ್ಲಿ ದೀಪದ ಬೆಳಕನ್ನು ನಂಬದೆ, ಸೆರಗನ್ನು ಹಿಡಿದು ಹೊಸ್ತಿಲ ಬಿಸಿಲಿಗೆ ಬಂದು ನೋಡುವುದುಂಟಷ್ಟೆ. ಗೋದಾಮಿನಲ್ಲಿ ಆ ಹೊಸ್ತಿಲಿಲ್ಲ. ಅಲ್ಲಿಯ ಬಿಳಿಯ ದೀಪಗಳಡಿಯಲ್ಲಿ ಕಂದು ಬೂದಾಗುತ್ತದೆ, ಹಸುರು ನೀಲಿಯ ಕಡೆಗೆ ವಾಲುತ್ತದೆ. ಬಟ್ಟೆಯ ಪಕ್ಕದಲ್ಲಿ ಬಿಳಿಯ ಕಾಗದವೊಂದನ್ನಿಟ್ಟು ಚಿತ್ರ ತೆಗೆಯಿರೆಂದರೆ, ಕಾಗದ ಎತ್ತ ವಾಲಿದೆಯೆಂಬುದರಿಂದ ಬಟ್ಟೆಯ ನಿಜವನ್ನು ಬಹುಮಟ್ಟಿಗೆ ಊಹಿಸಬಹುದು.

ಗೋದಾಮಿನ ಪುಟದಲ್ಲಿ ಚಿತ್ರಗಳ ಕೆಳಗೆ ತೂಕವನ್ನೂ ಅಳತೆಯನ್ನೂ ಬರೆದಿರುತ್ತಾರೆ. ಹಣದ ದೃಷ್ಟಿಯಿಂದ ಚಿತ್ರಕ್ಕಿಂತ ಆ ಸಾಲೇ ಹೆಚ್ಚು ಮುಖ್ಯವಾಗುವುದುಂಟು. ಅನೇಕ ಸಾಗಣೆಯ ಮಾರ್ಗಗಳಲ್ಲಿ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದ ಮೊತ್ತವನ್ನು ಕಿಲೋಗ್ರಾಮಿನ ತೂಕವೆಂದೇ ಎಣಿಸಿ, ಅದಕ್ಕೂ ನಿಜವಾದ ತೂಕಕ್ಕೂ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ ಹಾಕುತ್ತಾರೆ. 33, 21, 12 ಸೆಂಟಿಮೀಟರಿನ ರಟ್ಟಿನ ಡಬ್ಬಿಯಲ್ಲಿ ಕುಳಿತ ಒಂದು ಕಿಲೋ ಭಾರದ ಪಾದರಕ್ಷೆ ಈ ಲೆಕ್ಕದಲ್ಲಿ 1.66 ಕಿಲೋ ಆಗುತ್ತದೆ. ಡಬ್ಬಿಯನ್ನು ಅಲ್ಲೇ ಬಿಟ್ಟು, ಪಾದರಕ್ಷೆಯೊಳಗೆ ಕಾಗದ ತುರುಕಿ ಕಳುಹಿಸಿರೆಂದರೆ ವ್ಯತ್ಯಾಸದ ಬಹುಭಾಗ ಉಳಿಯುತ್ತದೆ. ಪಿಂಗಾಣಿಗೆ ಮಾತ್ರ ಈ ಜಿಪುಣತನ ಸಲ್ಲದು.

ಏಳು ದಿನಗಳ ಗಡುವು ಆರಂಭವಾಗುವುದು ಸರಕು ಗೋದಾಮನ್ನು ಸೇರಿದ ಮರುದಿನದಿಂದ, ನಾನು ಚಿತ್ರವನ್ನು ತೆರೆದಂದಿನಿಂದಲ್ಲ. ಬೀಜಿಂಗಿನ ಗಡಿಯಾರ ಲಂಡನ್ನಿಗಿಂತ ಚಳಿಗಾಲದಲ್ಲಿ 8, ಬೇಸಗೆಯಲ್ಲಿ 7 ಗಂಟೆ ಮುಂದಿರುವುದರಿಂದ ಇಲ್ಲಿಯ ಸಂಜೆಯಲ್ಲಿ ಬರೆದ ಪ್ರಶ್ನೆಗೆ ಮರುದಿನವೇ ಉತ್ತರ, ಆ ಉತ್ತರಕ್ಕೆ ಮರುಪ್ರಶ್ನೆ ಹಾಕಿದರೆ ಮತ್ತೊಂದು ದಿನ. ನವೆಂಬರ್ 11ರ ಮಾರಾಟದ ಸಂಭ್ರಮವಾದ ಮೇಲಂತೂ ಗೋದಾಮುಗಳಲ್ಲಿ ಕಟ್ಟುಗಳು ಬೆಟ್ಟವಾಗಿ ಬೆಳೆದು, ಚಿತ್ರಗಳೇ ತಡವಾಗಿ ಬರುತ್ತವೆ. ಅವರ ಹೊಸವರ್ಷದ ದಿನಗಳಲ್ಲಿ ಕೆಲಸವೇ ನಿಂತಿರುತ್ತದೆ. ಆ ಎರಡು ಕಾಲಗಳಲ್ಲಿ ನಾನು ಕೊಳ್ಳುವುದಿಲ್ಲ.

ಮರಳಿದ ಹಣ ನಮ್ಮ ಬ್ಯಾಂಕಿಗೆ ಬಾರದೆ ಏಜೆಂಟಿನ ಖಾತೆಯಲ್ಲೇ ಯುವಾನಿನ ರೂಪದಲ್ಲಿ ಕುಳಿತಿರುವುದು ಸಾಮಾನ್ಯ. ಹಿಂತೆಗೆಯಲು ಶುಲ್ಕ ಬೇರೆ. ಆದ್ದರಿಂದ ಆ ಖಾತೆಗೆ ಅವಶ್ಯವಿದ್ದಷ್ಟನ್ನೇ ತುಂಬುವುದು ಮೇಲು. ಬ್ರಿಟನ್ನಿನಲ್ಲಿ ಶೇಕಡ 20ರ ವ್ಯಾಟ್ ಉಂಟು, 135 ಪೌಂಡು ಮೀರಿದ ಸರಕಿಗೆ ಕಸ್ಟಮ್ಸ್ ಸುಂಕದ ಮಾತೂ ಬರುತ್ತದೆ. ಇವನ್ನು ಮೊದಲೇ ಕೂಡಿಸಿ ನೋಡಿದರೆ ಕೆಲವು ಅಗ್ಗಗಳು ಅಗ್ಗವಾಗಿ ಉಳಿಯುವುದಿಲ್ಲ.

ಇದುವರೆಗಿನದು ಚೀನದ ಮಾತು. ಬೆಂಗಳೂರಿನ ನನ್ನ ಮಿತ್ರರು ಹಳೆಯ ಕ್ಯಾಮೆರಾಗಳನ್ನೂ ಫೌಂಟನ್ ಪೆನ್ನುಗಳನ್ನೂ ತರಿಸುವುದು ಜಪಾನಿನ ಮಧ್ಯವರ್ತಿಗಳ ಮೂಲಕ. ಅಲ್ಲಿಯ ಹರಾಜಿನಲ್ಲಿ ಬಹಳ ಮಂದಿ ಮಾರಾಟಗಾರರು ಹಿಂತಿರುಗಿಸಿದರೆ ಒಪ್ಪೆವೆಂದು ಮೊದಲೇ ಸಾರಿರುತ್ತಾರೆ. ಅಂಥಲ್ಲಿ ಗೋದಾಮಿನ ಚಿತ್ರ ಎಷ್ಟು ಸ್ಪಷ್ಟವಾಗಿದ್ದರೂ ಪ್ರಯೋಜನ ಕಡಮೆ, ಪರಿಶೀಲನೆಯನ್ನೆಲ್ಲ ಕೂಗುವ ಮುನ್ನ ಮಾರಾಟಗಾರನ ಚಿತ್ರಗಳ ಮೇಲೆಯೇ ನಡೆಸಬೇಕು. ಇನ್ನು ವಾಸನೆ, ಬಟ್ಟೆಯ ಇಳಿಬೀಳು, ಅಟ್ಟೆಯ ಮೆದುತನ ಇವನ್ನು ಯಾವ ದೇಶದ ಫೋಟೊವೂ ತೋರಿಸದು. ಮೈಲುಗಟ್ಟಲೆ ನಡೆಯುವ ಬೂಟುಗಳನ್ನು ನಾನು ಇಂದಿಗೂ ಇಲ್ಲಿಯ ಅಂಗಡಿಯಲ್ಲಿ, ಹೆಚ್ಚಿನ ಬೆಲೆಯನ್ನು ತೆತ್ತು, ಕಾಲಿಗೆ ಹಾಕಿ ನೋಡಿಯೇ ಕೊಳ್ಳುತ್ತೇನೆ.