ಸಂಜೆ ಗಾಳಿ ಎದ್ದೀತು, ಜೋಕೆ!

ಯುಗಾದಿ ಕಳೆಯಿತೆಂದರೆ ನಮ್ಮ ನಾಡಿನ ಹವೆಯನ್ನು ನಂಬುವ ಹಾಗಿಲ್ಲ. ಕಲಬುರಗಿ, ರಾಯಚೂರಿನ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಮಧ್ಯಾಹ್ನ ಬೆವರಿಳಿಸಿದ ಆಕಾಶ ಸಂಜೆಗೆ ಕಪ್ಪಿಟ್ಟು ಆಲಿಕಲ್ಲು ಸುರಿಸಬಹುದು. ಕಾದ ನೆಲದ ಗಾಳಿ ಮೇಲೇರಿ, ಕಡಲ ತೇವ ಸೇರಿ ಗುಡುಗು ಮೋಡವಾಗುತ್ತದೆ. ಆ ಮೋಡದಿಂದ ತಣ್ಣನೆಯ ಗಾಳಿ ಕೆಳಕ್ಕೆ ಧುಮುಕುವುದರಿಂದಲೇ ಮಳೆಗೆ ಮುಂಚೆ ಬಿರುಗಾಳಿ ಬೀಸುವುದು, ಸೆಕೆ ಥಟ್ಟನೆ ಇಳಿಯುವುದು. ಅಶ್ವಿನಿ, ಭರಣಿ ಮಳೆಗಳ ಅಬ್ಬರ ಬಹುಪಾಲು ಈ ಬಗೆಯದೇ.

ಹಾಗಾಗಿ ಹೊರಗಿನ ಕೆಲಸಗಳನ್ನು ಬೆಳಗ್ಗೆಯೇ ಮುಗಿಸಿಕೊಳ್ಳಿ. ಹಳೇ ಮರ, ಜಾಹೀರಾತು ಫಲಕಗಳ ಕೆಳಗೆ ಗಾಡಿ ನಿಲ್ಲಿಸಬೇಡಿ. ಚಾವಣಿಯ ಸಡಿಲ ಶೀಟುಗಳನ್ನು ಇಂದೇ ಬಿಗಿ ಮಾಡಿಸಿ, ತಾರಸಿಯ ಅಂಚಿನ ಹೂಕುಂಡಗಳನ್ನು ಕೆಳಗಿಳಿಸಿ. ಗೊನೆ ಬಿಟ್ಟ ಬಾಳೆಗೆ ಕೋಲಿನ ಆಸರೆ ಕೊಡಿ.

ಮಿಂಚಿದ 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗೇ ಇದೆ ಎಂದರ್ಥ. ಹೊಲದಲ್ಲಿದ್ದರೆ ಮರದಡಿ ನಿಲ್ಲದೆ ಗಟ್ಟಿ ಕಟ್ಟಡ ಸೇರಿಕೊಳ್ಳಿ; ಕೊನೆಯ ಗುಡುಗಿನ ನಂತರವೂ ಅರ್ಧ ಗಂಟೆ ಒಳಗೇ ಇರಿ. ಸಿಡಿಲಿನ ಎಚ್ಚರಿಕೆಗೆ ‘ದಾಮಿನಿ’ ಆ್ಯಪ್ ಮೊಬೈಲಿನಲ್ಲಿರಲಿ. ಕಡಿದುಬಿದ್ದ ವಿದ್ಯುತ್ ತಂತಿಯ ಹತ್ತಿರ ಸುಳಿಯದೆ 1912ಕ್ಕೆ ಕರೆ ಮಾಡಿ.